ಬಂದೇನವಾಜನ ಜೋಡಿ ದಮ್ಮು

ಮದುವೆ ಮನೆಯವರು ಬ್ಯಾಂಡನ್ನು ದನಿ ಕೇಳಿ ಗೊತ್ತು ಮಾಡುವುದಿಲ್ಲ, ತಲೆ ಎಣಿಸಿ ಮಾಡುತ್ತಾರೆ. ಕೆಂಪು ಕೋಟು ಹದಿನೆಂಟು ಇರಬೇಕು, ಎರಡು ಸಾಲು ತುಂಬಬೇಕು, ವಿಡಿಯೋದಲ್ಲಿ ಭರ್ಜರಿ ಕಾಣಬೇಕು. ಅದಕ್ಕೇ ಕಲಬುರಗಿಯ ಸ್ಟೇಶನ್ ಬಜಾರದ ಬ್ಯಾಂಡ್ ಅಂಗಡಿಯಲ್ಲಿ ನಿಜಕ್ಕೂ ಊದುವವರು, ಬಾರಿಸುವವರು ಏಳೆಂಟು ಮಂದಿ, ಮಿಕ್ಕವರು ಡಮ್ಮಿ. ಅವತ್ತು ಗೌಂಡಿ ಕೆಲಸ ಸಿಗದೆ ನಿಂತವರನ್ನು ಕರೆತಂದು, ಕೋಟು ತೊಡಿಸಿ, ಕೈಗೊಂದು ತೂತುಬಿದ್ದ ತುತ್ತೂರಿ ಕೊಡುತ್ತಾರೆ. ಬಾಯಿಗೆ ಹಚ್ಚಿಕೊಂಡು ನಡೆ, ಊದಿದರೆ ನೋಡು ಎನ್ನುತ್ತಾರೆ. ಇದು ಎಲ್ಲರಿಗೂ ಗೊತ್ತು. ಬೀಗರಿಗೂ ಗೊತ್ತು. ಗೊತ್ತಿದ್ದೂ ಸುಮ್ಮನಿರುವುದಕ್ಕೆ ನಮ್ಮಲ್ಲಿ ಮರ್ಯಾದೆ ಎಂದು ಹೆಸರು.

ಬಂದೇನವಾಜ್ ಡಮ್ಮಿಯಾಗಿರಲಿಲ್ಲ. ಮೀಸೆ ಚಿಗುರುವ ಮೊದಲೇ ಕ್ಲಾರಿಯೋನೆಟ್ ಹಿಡಿದವನು, ಈಗ ಗಡ್ಡವೆಲ್ಲ ಬೆಳ್ಳಗಾಗಿತ್ತು. ವಾದ್ಯ ಅಂಗಡಿಯದು. ಸಿಕಂದರಾಬಾದಿನ ದಂಡಿನ ಕ್ಲಬ್ಬಿನಲ್ಲಿ ಜಾಜ್ ನುಡಿಸುತ್ತಿದ್ದ ಮೇಳ ಮುರಿದುಬಿದ್ದಾಗ ಮಾಲಕ ಕರೀಂಸಾಬ್ ಅದನ್ನು ಕೊಂಡು ತಂದಿದ್ದ. ಕರಿಮರದ ಕೊಳವೆ, ಮೇಲೆ ಪ್ಯಾರಿಸಿನ ಮುದ್ರೆ. ವಾದ್ಯದ ಜೊತೆಗೆ ಅದನ್ನು ಮಾರಿದ ಜಾಜಿನವನಿಂದ ಕರೀಂಸಾಬ್ ಒಂದು ಪದ್ಧತಿಯನ್ನೂ ಕಲಿತು ಬಂದಿದ್ದ: ನಡೆಯುತ್ತ ಊದುವ ಇಬ್ಬರು ಎಂದೂ ಒಟ್ಟಿಗೆ ಉಸಿರೆಳೆಯಬಾರದು. ಒಬ್ಬ ತುಟಿ ಬಿಟ್ಟಾಗ ಇನ್ನೊಬ್ಬ ಹಾಡನ್ನು ಎತ್ತಿ ಹಿಡಿಯಬೇಕು. ಅಂಗಡಿಯಲ್ಲಿ ಅದನ್ನು ಜೋಡಿ ದಮ್ಮು ಎನ್ನುತ್ತಿದ್ದರು.

ಬಂದೇನವಾಜನ ಜೋಡಿ ಕಮಲಾಪುರದ ಸೂರ್ಯಕಾಂತ, ಟ್ರಂಪೆಟ್ಟಿನವನು. ಲಗ್ನದ ಕಾಲಕ್ಕೆ ಬಸ್ಸು ಹತ್ತಿ ಬರುವಾಗ ಚೀಲದಲ್ಲಿ ಆ ಊರಿನ ಕೆಂಬಾಳೆಹಣ್ಣಿನ ಚಿಪ್ಪು ಇದ್ದೇ ಇರುತ್ತಿತ್ತು.

"ಬಾಳಿಹಣ್ಣು ತಿಂದು ತಿಂದು ತುಟಿ ಹೆಂಗ ಉಬ್ಬ್ಯಾವ ನೋಡು ಮಗಂದು" ಎಂದು ಬಂದೇನವಾಜ್ ಕಾಡುತ್ತಿದ್ದ.

"ಉಬ್ಬಲಿ ಬಿಡೊ. ನಿನ್ನ ಬೀಡಿ ದಮ್ಮಿಗೆ ನನ್ನ ತುಟೀನೇ ಆಸರಾ ಅದ."

ಸುಳ್ಳಲ್ಲ. ಪಲ್ಲವಿಯ ತಿರುವಿಗೆ ಬಂದೇನವಾಜ್ ತುಟಿ ಬಿಡುತ್ತಿದ್ದ, ಸೂರ್ಯಕಾಂತ ಎತ್ತಿಕೊಳ್ಳುತ್ತಿದ್ದ. ಚರಣದ ಕೊನೆಗೆ ಅವನು ಬಿಡುತ್ತಿದ್ದ, ಇವನು ಎತ್ತಿಕೊಳ್ಳುತ್ತಿದ್ದ. ಕುಣಿಯುವವರಿಗೆ ಇದೆಲ್ಲ ಯಾಕೆ ಬೇಕು? ಹಾಡು ಎಲ್ಲೂ ತುಂಡಾಗಲಿಲ್ಲ ಎಂದಷ್ಟೇ ಅವರಿಗೆ ಗೊತ್ತು.

ಕಳೆದ ಮಳೆಗಾಲದಲ್ಲಿ ಸೂರ್ಯಕಾಂತ ಕೆಮ್ಮಿ ಕೆಮ್ಮಿ ಸತ್ತ. ಮಂದಿಯ ಖುಷಿಗೆ ಶ್ವಾಸವನ್ನೆಲ್ಲ ಕೊಟ್ಟವನ ಮಣ್ಣಿಗೆ, ತಮ್ಮ ಮದುವೆಯಲ್ಲಿ ಅವನಿಂದ ಊದಿಸಿಕೊಂಡವರಲ್ಲಿ ಒಬ್ಬರೂ ಬರಲಿಲ್ಲ.

ಮಳೆ ಮುಗಿದ ಮೇಲಿನ ಮೊದಲ ಲಗ್ನದಲ್ಲಿ ಬಂದೇನವಾಜನ ಪಕ್ಕಕ್ಕೆ ಶಹಬಾಜ್ ಎಂಬ ಹೊಸ ಟ್ರಂಪೆಟ್ಟಿನವನು ನಿಂತ. ಪಲ್ಲವಿಯ ತಿರುವು ಬಂತು. ಬಂದೇನವಾಜ್ ತುಟಿ ಬಿಟ್ಟ. ಯಾರೂ ಎತ್ತಿಕೊಳ್ಳಲಿಲ್ಲ. ಬರೀ ಢೋಲು ಬಡಿದುಕೊಳ್ಳುತ್ತಿತ್ತು. ಕುಣಿಯುತ್ತಿದ್ದ ಹುಡುಗರು ಎತ್ತಿದ ಕೈ ಎತ್ತಿದಂತೆಯೇ ನಿಂತರು.

"ಏನ್ ಚಾಚಾ, ಬ್ಯಾಟರಿ ಖಾಲಿ ಆತೇನು?" ಎಂದ ಒಬ್ಬ. ಎಲ್ಲ ನಕ್ಕರು.

ಬಂದೇನವಾಜ್ ಶಹಬಾಜನಿಗೆ ಹೇಳಿಕೊಟ್ಟು ನೋಡಿದ. ಹುಡುಗ ಎತ್ತಿಕೊಳ್ಳುವುದರೊಳಗೆ ಸಂದು ಬಿದ್ದಿರುತ್ತಿತ್ತು. ಹಾಗಾದರೆ ನಿಲ್ಲುವುದೇ ಬೇಡ, ಉಸಿರನ್ನು ಬೇರೆ ಕಡೆ ಎಳೆದುಕೊಳ್ಳೋಣ ಎಂದುಕೊಂಡ. ತಲೆ ಒಪ್ಪಿತು, ಎದೆ ಒಪ್ಪಲಿಲ್ಲ. ಆ ತಿರುವು ಬಂದರೆ ಸಾಕು, ತುಟಿ ತಾನೇ ಬಿಟ್ಟುಕೊಳ್ಳುತ್ತಿತ್ತು, ಸತ್ತವನಿಗೆ ಜಾಗ ಬಿಡುತ್ತಿತ್ತು.

ಮೂರನೆಯ ಲಗ್ನದಲ್ಲೂ ಹಾಗೇ ಆದಾಗ, ಈಗಿನ ಮಾಲಕ, ಕರೀಂಸಾಬನ ಮಗ ಗುಫ್ರಾನ್, ಅಂಗಡಿಯಲ್ಲಿ ಕೂರಿಸಿಕೊಂಡು ಮಾತಾಡಿದ.

"ಚಾಚಾ, ಬುರಾ ಮತ್ ಮಾನೋ, ಬ್ಯಾಸರ ಮಾಡ್ಕೋಬ್ಯಾಡ್ರಿ. ತಳ್ಳುಗಾಡಿ ಮ್ಯಾಲ ಕೀಬೋರ್ಡ್ ಇಡಾಕತ್ತೀನಿ, ನಾಕು ಸ್ಪೀಕರ್. ಕ್ಲಾರಿಯೋನೆಟ್ ದನಿ ಅದ್ರಾಗೇ ಬರ್ತದ. ನೀವು ಸುಮ್ನ ಮುಂದಿನ ಸಾಲಿನ್ಯಾಗ ಹಿಡ್ಕೊಂಡು ನಡೀರಿ. ಪಗಾರ ಮೊದ್ಲಿನಷ್ಟೇ."

"ಡಮ್ಮಿ ಅಂತಿ."

"ಡಮ್ಮಿ ಅಂತ ಯಾರ್ ಅಂದ್ರು? ನೀವು ನಮ್ಮ ಹಿರೇರು."

ಹಾಗೆಂದವನೇ ವಾದ್ಯ ಈಸಿಕೊಂಡು, ಬಾಯಿತುದಿಯಲ್ಲಿ ಕಟ್ಟಿದ್ದ ಬಿದಿರಿನ ಪತ್ತಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ. ಆ ಪತ್ತಿ ಅದುರಿದರೇ ಕ್ಲಾರಿಯೋನೆಟ್ಟಿಗೆ ದನಿ. ಗುಫ್ರಾನ್ ಕೆಟ್ಟವನಲ್ಲ. ಡಿಜೆಯವರ ಎದುರು ಅಂಗಡಿ ಉಳಿಸಿಕೊಳ್ಳಬೇಕಾಗಿತ್ತು. ಆದರೆ ಒಬ್ಬ ಮನುಷ್ಯನ ನಾಲಿಗೆ ಕೀಳುವ ಕೆಲಸವನ್ನು ಇಷ್ಟು ಮೆತ್ತಗೆ, ಚಾ ಕುಡಿಸಿ ಮಾಡಬಹುದೆಂದು ಯಾರು ಅಂದುಕೊಂಡಿದ್ದರು!

ಹೆಂಡತಿ ಜೈನಾಬಿಗೆ ಅವನು ಏನೂ ಹೇಳಲಿಲ್ಲ. ದಿನಾ ಬೆಳಿಗ್ಗೆ ಪತ್ತಿ ನೆನೆಹಾಕುತ್ತಿದ್ದ ಬಟ್ಟಲು ಒಣಗಿ ಕೂತದ್ದನ್ನು ಆಕೆ ನೋಡಿದಳು, ತೊಳೆದು ಬೋರಲು ಹಾಕಿದಳು.

ಮೊನ್ನೆ ಲಗ್ನ ಬಿದ್ದದ್ದು ಕಮಲಾಪುರದಲ್ಲಿ. ಸಂತೆಯ ಬಯಲಿನಿಂದ ಹೊರಟ ಮೆರವಣಿಗೆ ಸೂರ್ಯಕಾಂತನ ಓಣಿಗೇ ಹೊರಳಿತು. ಬಂದೇನವಾಜ್ ಮುಂದಿನ ಸಾಲಿನಲ್ಲಿ ಕೆನ್ನೆ ಉಬ್ಬಿಸಿಕೊಂಡು, ಬೆರಳು ಆಡಿಸುತ್ತ ನಡೆದಿದ್ದ. ಸ್ಪೀಕರಿನಲ್ಲಿ ಅವರಿಬ್ಬರೂ ಊದುತ್ತಿದ್ದ ಹಳೆಯ ಹಾಡೇ ಬರುತ್ತಿತ್ತು. ಸೂರ್ಯಕಾಂತನ ಮನೆಯ ಮುಂದೆಯೇ ಮದುಮಗನ ಗೆಳೆಯರು ಕುಣಿಯಲು ನಿಂತದ್ದರಿಂದ ಬ್ಯಾಂಡೂ ನಿಂತಿತು.

ಹಾಡು ಮುಗಿಯುತ್ತಲೇ ಸೂರ್ಯಕಾಂತನ ಹೆಂಡತಿ ಪುತಳಾಬಾಯಿ ಹಿಟ್ಟಿನ ಕೈಯಲ್ಲೇ ಕಟ್ಟೆಗೆ ಬಂದಳು.

"ನಿಮ್ಮ ದನಿ ಕೇಳಿ ರೊಟ್ಟಿ ಬಡಿಯೂದು ಬಿಟ್ಟು ಬಂದೆ ಅಣ್ಣಾ" ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅವರು ಎತ್ಕೊಳ್ಳೂ ಜಾಗಾ ನನಗ ಗೊತ್ತದ. ಅದಕ್ಕೇ ಕಿವಿ ಕೊಟ್ಟು ನಿಂತಿದ್ದೆ. ನೀವು ಎಲ್ಲೂ ನಿಲ್ಲಲೇ ಇಲ್ಲ ನೋಡ್ರಿ. ಅವರಿಲ್ದಿದ್ರೂ ಹಾಡು ನಡೀತದ. ಹೋಗ್ಲಿ, ಛಲೋ ಆತು."

ಕುಟುಕುವ ಮಾತಲ್ಲ ಅದು. ಸೋತವರ ಮಾತು. ಬಂದೇನವಾಜ್ ಹೂಂ ಎಂದು ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಲೋಕದಲ್ಲಿ ಅವನನ್ನು ಇನ್ನೂ ಉಸ್ತಾದ ಎಂದು ತಿಳಿದಿದ್ದ ಮನೆ ಅದೊಂದೇ. ಸುಮ್ಮನಿದ್ದರೆ ಆ ಹೆಸರು ಉಳಿಯುತ್ತಿತ್ತು, ಆದರೆ ಅಷ್ಟು ವರ್ಷ ಪಕ್ಕದಲ್ಲಿ ನಿಂತು ಊದಿದವನು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ ಎಂದಾಗುತ್ತಿತ್ತು.

ಅವನು ವಾದ್ಯದ ತುದಿ ಬಿಚ್ಚಿ ಆಕೆಯ ಕೈಯಲ್ಲಿಟ್ಟ.

"ನೋಡು ತಂಗಿ, ಇದ್ರಾಗ ಪತ್ತೀನೇ ಇಲ್ಲ. ಊದಿದ್ದು ಆ ಡಬ್ಬಿ, ನಾ ಅಲ್ಲ. ನಾ ಊದಿದ್ರ ಅಲ್ಲಿ ನಿಂತೇ ನಿಲ್ತೀನಿ. ನಿಲ್ತಾನಂತನೇ ನನ್ನ ಬಾಯಿ ಬಂದ್ ಮಾಡ್ಯಾರ."

ಪುತಳಾಬಾಯಿ ಆ ಖಾಲಿ ತುದಿಯ ಮೇಲೆ ಬೆರಳಾಡಿಸಿದಳು. ಹಿಟ್ಟು ಅಂಟಿತು.

"ಈಗೂ ನಿಲ್ತೀರಿ?"

"ಈಗೂ."

ಆಕೆ ಕಟ್ಟೆಯ ಮೇಲೆ ಕುಸಿದು, ಗಂಡ ಸತ್ತ ದಿನ ಅತ್ತಹಾಗೆ ಅತ್ತಳು. ಮದುಮಗನ ಗೆಳೆಯರು ಇನ್ನೊಂದು ಹಾಡು ಹಾಕಿಸಿಕೊಂಡರು.

"ಚಾಚಾ, ಪೈಪು ಬಾಯಿಗೆ! ವಿಡಿಯೋದವ ಬಂದ!" ಗುಫ್ರಾನ್ ಗಾಡಿಯ ಹತ್ತಿರದಿಂದ ಒದರಿದ.

ಬಂದೇನವಾಜ್ ಕೆಂಪು ಕೋಟಿನ ಗುಂಡಿ ಬಿಚ್ಚಿದ. ಕೋಟು, ಟೋಪಿ, ಆ ಕರಿಮರದ ವಾದ್ಯ ಮೂರನ್ನೂ ಗಾಡಿಯ ಮೇಲಿಟ್ಟು ಬಂದು, ಪುತಳಾಬಾಯಿ ಕೂತ ಕಟ್ಟೆಯ ಇನ್ನೊಂದು ತುದಿಯಲ್ಲಿ ಬನಿಯನ್ನಿನಲ್ಲೇ ಕೂತ. ನಾಳೆ ಸ್ಟೇಶನ್ ಬಜಾರಕ್ಕೆ ಹೋಗುವ ಕೆಲಸವಿಲ್ಲ ಎಂದು ಅವನಿಗೆ ಗೊತ್ತಿತ್ತು.

ಜಗಳಕ್ಕೆ ಗುಫ್ರಾನನಿಗೆ ಪುರಸೊತ್ತಿರಲಿಲ್ಲ. ಬಂದು ಪುತಳಾಬಾಯಿಯ ಕೈಯಿಂದ ಆ ತುದಿ ಈಸಿಕೊಂಡು ಹೋದ. ಕುಣಿತ ನೋಡುತ್ತ ನಿಂತಿದ್ದ ಹಮಾಲನೊಬ್ಬನ ಹೆಗಲಿಗೆ ಕೋಟು ಏರಿಸಿ, ಕೈಗೆ ಕ್ಲಾರಿಯೋನೆಟ್ ಕೊಟ್ಟು ಮುಂದಿನ ಸಾಲಿಗೆ ನೂಕಿದ. ಬೀಗರು ಕೇಳಿದ ಹದಿನೆಂಟು ಹದಿನೆಂಟೇ ಇತ್ತು.

"ಬೆರಳು ಎಲ್ಲಿಡಬೇಕ್ರಿ?" ಎಂದು ಹಮಾಲ ಕೇಳಿದ.

"ಎಲ್ಲಿಟ್ರೂ ನಡೀತದ, ನಡಿ."