ಚಾಕಿ ಪಟ್ಟಿ ಬರದ ವಿಜಯದಶಮಿ

ಅಂದು ನಾನು ಗುಂಡ್ಲುಪೇಟೆಗೆ ಹೋದದ್ದು ಬಸ್ಸಿನಲ್ಲೋ ಬೈಕಿನಲ್ಲೋ ಎಂಬುದರಲ್ಲೇ ನನಗೂ ನನ್ನ ಹೆಂಡತಿಗೂ ಒಮ್ಮತವಿಲ್ಲ. ಬಾಳೆಕಂದು ಕಟ್ಟಿಸಿಕೊಂಡ ಬಸ್ಸಿನ ಮುಂಭಾಗ ಕಣ್ಣಿಗೆ ಕಟ್ಟಿದಂತಿದೆ ಎಂದರೆ, ಹಾಗಾದರೆ ಅದು ನಿಮ್ಮ ಬೈಕಿಗೆ ಎದುರು ಬಂದ ಬಸ್ಸು ಎನ್ನುತ್ತಾಳೆ. ಈ ಕತೆಯನ್ನು ಸಿಕ್ಕವರಿಗೆಲ್ಲ ಹೇಳಿ ಹೇಳಿ, ಯಾವುದು ನಡೆದದ್ದು, ಯಾವುದು ಆಮೇಲೆ ಬಿದ್ದ ಒಗ್ಗರಣೆ ಎಂದು ಬೇರೆ ಮಾಡುವುದು ನನಗೇ ಕಷ್ಟವಾಗಿದೆ.

ವಿಜಯದಶಮಿಯ ಬೆಳಿಗ್ಗೆ ಎಂಬುದಂತೂ ನಿಜ. ನಾನು ಚಾಮರಾಜನಗರದಲ್ಲಿದ್ದುಕೊಂಡು ಸುತ್ತಮುತ್ತಲ ಸಣ್ಣ ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವವನು. ಗುಂಡ್ಲುಪೇಟೆಯ ಹೊರಗಿನ ಒಂದು ಚಾಕಿ ಕೇಂದ್ರವೂ ನನ್ನ ಪಾಲಿಗಿತ್ತು. ಚಾಕಿ ಕೇಂದ್ರವೆಂದರೆ ರೇಷ್ಮೆ ಮೊಟ್ಟೆ ಒಡೆಸಿ, ಮರಿಹುಳವನ್ನು ಎರಡನೇ ಜ್ವರದವರೆಗೆ ಸಾಕಿ ರೈತರಿಗೆ ಕೊಡುವ ಜಾಗ. ಈ ಜ್ವರ ಕಾಯಿಲೆಯಲ್ಲ. ಹುಳ ಮೇವು ಬಿಟ್ಟು ಪೊರೆ ಕಳಚಲು ಮಲಗುವ ಒಂದು ದಿನ. ಹಾಗೆ ಮಲಗಿರುವಾಗಲೇ, ಬೆಳಗಿನ ತಂಪಿನಲ್ಲೇ, ತಟ್ಟೆಗಳನ್ನು ಸಾಗಿಸಬೇಕು. ದಾರಿಯಲ್ಲಿ ಎದ್ದರೆ ಹಸಿವು, ಮೇಲೆ ಬಿಸಿಲು. ಬೆಳೆ ಅಲ್ಲೇ ಕೆಡುತ್ತದೆ.

ಯಾರಿಗೆ ಎಷ್ಟು ಮೊಟ್ಟೆಯ ಹುಳ ಎಂಬ ಆ ದಿನದ ಪಟ್ಟಿಯನ್ನು ಬೆಳಿಗ್ಗೆ ಐದಕ್ಕೆ ಒಂದು ಫೈಲಿಗೆ ಬರೆದು ಮುದ್ರಿಸುವಂತೆ ಸರ್ವರಿನಲ್ಲಿ ನಾನು ಒಂದು ಸ್ಕ್ರಿಪ್ಟ್ ಇಟ್ಟಿದ್ದೆ. ಹಿಂದೊಮ್ಮೆ ಇಬ್ಬರು ರೈತರು ಒಂದೇ ತಟ್ಟೆ ಹಿಡಿದು ಎಳೆದಾಡಿದ ಮೇಲೆ, ಪಟ್ಟಿ ಬಾರದೆ ಯಾವ ತಟ್ಟೆಯೂ ಹೊರಗೆ ಹೋಗಕೂಡದು ಎಂದು ಮಾಲೀಕರು ಕಟ್ಟಪ್ಪಣೆ ಮಾಡಿದ್ದರು. ಮೀರಿದರೆ ಕೆಲಸ ಬಿಟ್ಟು ಹೋಗಬಹುದು ಎಂದೂ ಹೇಳಿದ್ದರು.

ಅಂದು ಪಟ್ಟಿ ಬರಲಿಲ್ಲ. ಅಲ್ಲಿನ ಗುಮಾಸ್ತೆ ಫೋನ್ ಮಾಡಿದರು. ಉಮ್ಮತ್ತೂರಿನಲ್ಲಿ ಹುಟ್ಟಿ ಗುಂಡ್ಲುಪೇಟೆಗೆ ಸೊಸೆಯಾಗಿ ಬಂದವರು, ನನಗಿಂತ ಹತ್ತು ವರ್ಷ ದೊಡ್ಡವರು, ಆದರೂ ನನ್ನನ್ನು 'ಸಾ' ಎಂದೇ ಕರೆಯುತ್ತಾರೆ. ನಾನು ಏಳೂವರೆಗೆ ತಲುಪುವಷ್ಟರಲ್ಲಿ ಬೇಗೂರಿನ ಕಡೆಯ ಒಬ್ಬ ರೈತ ಹೆಂಗಸು ಗೂಡ್ಸ್ ಆಟೋ ನಿಲ್ಲಿಸಿಕೊಂಡು ಬಾಗಿಲಲ್ಲೇ ಕುಳಿತಿದ್ದರು. ನೂರು ಮೊಟ್ಟೆಯ ಹುಳ ಅವರದು; ಒಂದು ಚಿಟ್ಟೆ ಇಟ್ಟದ್ದಷ್ಟನ್ನೂ ಒಂದು ಮೊಟ್ಟೆ ಎಂದೇ ಎಣಿಸುವುದರಿಂದ ಸುಮಾರು ನಲವತ್ತು ಸಾವಿರ ಹುಳ. ಮನೆಯಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ದಿಟ್ಟು ಬಂದಿದ್ದರು.

"ಬಿಸ್ಲು ಏರಕೆ ಮುಂಚೆ ಹುಳ ಎದ್ಬುಡ್ತವೆ ಕಣಪ್ಪ," ಎಂದರು. "ನಿನ್ ಡಬ್ಬ ಯಾವಾಗ ಏಳ್ತದೆ?"

ಡಬ್ಬ ಎದ್ದೇ ಇತ್ತು. ನೆತ್ತಿಗೆ ಅರಿಸಿನ ಕುಂಕುಮ, ಮೇಲೊಂದು ಚೆಂಡುಹೂವಿನ ಹಾರ. ಹಿಂದಿನ ದಿನ ಆಯುಧಪೂಜೆ. ಸೊಪ್ಪು ಕತ್ತರಿಸುವ ಕತ್ತಿ, ತಕ್ಕಡಿ, ರಿಜಿಸ್ಟರು, ಪೆನ್ನಿನ ಡಬ್ಬಿ ಎಲ್ಲವೂ ಹೂವಿನ ಕೆಳಗಿದ್ದವು. ಪೂಜೆ ಕದಲಿಸುವುದು ಹತ್ತು ಗಂಟೆಯ ಮೇಲೆ. ಅಲ್ಲಿಯವರೆಗೆ ಪುಸ್ತಕ ತೆರೆಯುವಂತಿಲ್ಲ, ಪೆನ್ನು ಮುಟ್ಟುವಂತಿಲ್ಲ. ಹಿಂದಿನ ವರ್ಷ ಸರ್ವರಿಗೆ ಕುಂಕುಮ ಇಟ್ಟಾಗ ನಾನು ನಕ್ಕು, ವಿಶ್ವವಿದ್ಯಾನಿಲಯದಲ್ಲಿ ಕಲಿತ ನಾಲ್ಕು ಮಾತು ಬಳಸಿ ಸಣ್ಣ ಭಾಷಣವನ್ನೇ ಮಾಡಿದ್ದೆ. ಗುಮಾಸ್ತೆ ತಲೆಯಾಡಿಸಿ ಕೇಳಿಸಿಕೊಂಡಿದ್ದರು.

ನಾನು ಕುಳಿತೆ. ರಾತ್ರಿ ಕರೆಂಟು ಹೋಗಿತ್ತೇ ಎಂದು ಕೇಳಿದೆ, ಇಲ್ಲ. ಡಿಸ್ಕ್ ತುಂಬಿದೆಯೇ ನೋಡಿದೆ. ಮುಕ್ಕಾಲು ಪಾಲು ಖಾಲಿ. ಫೈಲಿನ ವಿಳಾಸ ಸರಿ, ಗಡಿಯಾರ ಸರಿ. ಸ್ಕ್ರಿಪ್ಟ್ ಐದಕ್ಕೆ ಸರಿಯಾಗಿ ಎದ್ದು, ಏನನ್ನೂ ಬರೆಯದೆ, ಏನನ್ನೂ ಹೇಳದೆ ಮುಗಿದಿತ್ತು. ಹೇಳದಿರಲು ಕಾರಣ ನಾನೇ. ತಪ್ಪಿನ ಸಂದೇಶಗಳು ಬಂದು ರಾಶಿ ಬೀಳುತ್ತವೆ ಎಂದು ಅವನ್ನೆಲ್ಲ ಎಲ್ಲಿಗೂ ತಲುಪದಂತೆ ಮಾಡಿಟ್ಟಿದ್ದೆ. ಬಾಯಿಗೆ ಬಟ್ಟೆ ತುರುಕಿ, ಏನಾಯಿತು ಹೇಳು ಎಂದು ಕೇಳಿದ ಹಾಗೆ.

ಫೋಲ್ಡರಿಗೆ ಬರೆಯುವ ಅನುಮತಿ ಇದೆಯೇ ಎಂದು ಮೊದಲು ನೋಡಬೇಕಾಗಿತ್ತು. ನೋಡಲಿಲ್ಲ. ಅನುಮತಿ ಕೊಟ್ಟವನು ನಾನೇ, ನನಗೆ ನೆನಪಿದೆಯಲ್ಲ! ದೇವರು, ಜಾತಕ, ಸರ್ಕಾರಿ ಅಂಕಿಅಂಶ ಎಲ್ಲವನ್ನೂ ಅನುಮಾನಿಸುವ ನನಗೆ ನನ್ನ ನೆನಪಿನ ಮೇಲೆ ಮಾತ್ರ ಅಂಥ ಭಕ್ತಿ. ಸರಿಯಾಗಿದ್ದ ಸಾಲುಗಳನ್ನೇ ತಿದ್ದಿ, ತಿದ್ದಿದ್ದನ್ನು ಮತ್ತೆ ಹಳೆಯ ಹಾಗೆ ಮಾಡಿ ಒಂದು ಗಂಟೆ ಕಳೆದೆ. ಪಟ್ಟಿಯನ್ನು ಫೈಲಿಗೆ ಬರೆಸದೆ ಸುಮ್ಮನೆ ಪರದೆಯ ಮೇಲೆ ತೋರಿಸಿಬಿಡಬಹುದಿತ್ತು. ಅದು ಹೊಳೆದದ್ದು ವಾಪಸು ಬರುವಾಗ ತೆರಕಣಾಂಬಿಯ ಹತ್ತಿರ.

ಬೆನ್ನ ಹಿಂದೆ ಆ ರೈತ ಹೆಂಗಸು ನಿಂತೇ ಇದ್ದರು, ನನ್ನ ಕತೆಯಲ್ಲಿ. ನಾನು ಒಂದು ಸಾಲು ತಿದ್ದಿದಾಗೆಲ್ಲ ಒಂದು ನಿಟ್ಟುಸಿರು.

ಕೊನೆಗೆ ಸ್ಕ್ರಿಪ್ಟಿನ ಬಾಯಿಬಟ್ಟೆ ತೆಗೆದೆ. ಓಡಿಸಿದ ತಕ್ಷಣ ಪರದೆಯ ಮೇಲೆ 'ಪರ್ಮಿಷನ್ ಡಿನೈಡ್' ಎಂದು ಬಂತು. ಯಾರು ತೆಗೆದರು ಈ ಅನುಮತಿಯನ್ನು ಎಂದು ನಾನು ಗಟ್ಟಿಯಾಗಿಯೇ ಕೇಳಿರಬೇಕು. ಗುಮಾಸ್ತೆ ಸೆರಗು ಸರಿಮಾಡಿಕೊಂಡರು.

"ನಾನೇ ಸಾ. ರಿಜಿಸ್ಟರ್ ಪೂಜೆಗೆ ಇಟ್ಟಮ್ಯಾಲೆ ಇದೊಂದು ಯಾಕೆ ಬರೀತಾ ಇರ್ಬೇಕು ಅಂತ, ಸಂಜೆ ಬರಿಯೋದ್ಕೆ ಬೀಗ ಹಾಕ್ಬುಟ್ಟೆ. ನೀವೇ ಕಲ್ಸಿದ್ರಲ್ಲಾ, ಹಂಗೇ."

ಕಂಪ್ಯೂಟರಿನೊಳಗಿನ ರಿಜಿಸ್ಟರಿನ ಫೋಲ್ಡರಿಗೆ ಬೀಗ ಹಾಕಿದರೆ ಅದರೊಳಗಿನ ಪಟ್ಟಿಯ ಫೋಲ್ಡರಿಗೂ ಬೀಗ ಬೀಳುತ್ತದೆ ಎಂದು ಅವರಿಗೆ ತಿಳಿದಿರಲಿಲ್ಲ. ಅಷ್ಟು ಹೊತ್ತೂ ಯಾಕೆ ಸುಮ್ಮನಿದ್ದಿರಿ ಎಂದೆ.

"ಮೊದ್ಲು ಅದೇ ಅಂತ ಗೊತ್ತಾಗ್ನಿಲ್ಲ. ಆಮ್ಯಾಕೆ ನೀವು ನಗ್ತೀರಿ ಅಂತ ಯೋಳ್ನಿಲ್ಲ."

ನಗು ಬಂದಿತ್ತು, ನುಂಗಿಕೊಂಡೆ. ಬೀಗ ತೆಗೆದೆ, ಪಟ್ಟಿ ಮುದ್ರಣವಾಯಿತು. ಅಲ್ಲಿಂದ ಮುಂದೆ ನಾನು ಹೇಳುತ್ತಿದ್ದ ಕತೆ ಹೀಗೆ: ಹೆಂಗಸು ಹಾಳೆ ನೋಡಿ, ತಟ್ಟೆ ಏರಿಸಿಕೊಂಡು, ನೀನು ತಣ್ಣಗಿರಪ್ಪ ಎಂದು ಹರಸಿ ಹೊರಟರು. ಹುಳ ಉಳಿಯಿತು, ಉಳಿಸಿದವನು ಯಾರೆಂದು ನಾನು ಹೇಳುವ ಅಗತ್ಯ ಇರುತ್ತಿರಲಿಲ್ಲ, ಆದರೂ ಹೇಳುತ್ತಿದ್ದೆ.

ಕಳೆದ ವರ್ಷ ಗುಂಡ್ಲುಪೇಟೆಯಿಂದ ಮೈಸೂರಿಗೆ ಹೋಗುವಾಗ ಬೇಗೂರಿನಲ್ಲಿ ಆ ಹೆಂಗಸೇ ಬಸ್ಸು ಹತ್ತಿ ನನ್ನ ಪಕ್ಕ ಕುಳಿತರು. ಗುರುತು ಹಿಡಿದವರು ಅವರೇ. ಅವತ್ತಿನ ಬೆಳೆ ಚೆನ್ನಾಗಿ ಬಂದಿತಂತೆ. ನಾನು ವಿನಯದಿಂದ, ಅಷ್ಟು ಹೊತ್ತು ನಿಮ್ಮನ್ನು ನಿಲ್ಲಿಸಿಬಿಟ್ಟೆ ಎಂದೆ.

"ನಾನೆಲ್ಲಿ ನಿಂತಿದ್ದೆ ಕಣಪ್ಪ? ನೀನು ಅತ್ತಗೆ ಮುಖ ಮಾಡ್ಕಂಡು ಕುಟ್ತಾ ಕೂತಿದ್ದೆ. ಆ ಅಮ್ಮ ಪಕ್ಕದ ಬಾಗ್ಲಲ್ಲಿ ತಟ್ಟೆ ಏರ್ಸಿ ಕಳಿಸ್ಬುಟ್ಲು. ಹುಳಕ್ಕೆ ಯಾವ ಪಟ್ಟಿ, ನಡಿ ಅಂದ್ಲು. ಪಟ್ಟಿ ನೆಚ್ಚಿದ್ರೆ ಆಗಿತ್ತು ನನ್ ಕತೆ."

ಹಾಗಾದರೆ ನನ್ನನ್ನು ಹರಸಿದ್ದು ಯಾರು ಎಂದು ಕೇಳುವ ಧೈರ್ಯವಾಗಲಿಲ್ಲ. ಅವರು ಫೋನಿನಲ್ಲಿ ಅವತ್ತಿನ ಒಂದು ಫೋಟೋ ಹುಡುಕಿ ತೋರಿಸಿದರು. ಮನೆಯಲ್ಲಿ ಹಾಸಿದ ತಟ್ಟೆಗಳು, ಆಗಷ್ಟೇ ಏಳುತ್ತಿದ್ದ ಹುಳ, ಪಕ್ಕದಲ್ಲಿ ಸೊಪ್ಪಿನ ಹೊರೆ. ಫೋಟೋ ತೆಗೆದ ಹೊತ್ತನ್ನು ಮನಸ್ಸಿನಲ್ಲಿಟ್ಟುಕೊಂಡೆ. ಮುಂದಿನ ವಾರ ಕೇಂದ್ರಕ್ಕೆ ಹೋದಾಗ ಗುಮಾಸ್ತೆಯನ್ನು ಕೇಳಿದೆ, ಒಪ್ಪಿಕೊಂಡರು. ಮಾಲೀಕರಿಗೆ ಆವತ್ತೇ ಸಂಜೆ ಹೇಳಿದ್ದರಂತೆ. ಅವರು ಬೈದು ಸುಮ್ಮನಾದರಂತೆ. ನನಗೆ ಯಾಕೆ ಹೇಳಲಿಲ್ಲ ಎಂದರೆ, ನೀವು ಅಷ್ಟು ಖುಷಿಯಾಗಿದ್ರಲ್ಲ ಸಾ ಎಂದರು.

ಅವರ ಮಾತನ್ನೂ ನಂಬದೆ ಸರ್ವರ್ ತೆರೆದು ಹಳೆಯ ಫೈಲ್ ಹುಡುಕಿದೆ. ಬೇಗೂರಿನ ಫೋಟೋ ತೆಗೆದದ್ದು ಎಂಟು ಐವತ್ತೆರಡಕ್ಕೆ. ನನ್ನ ಪಟ್ಟಿ ಫೈಲಿಗೆ ಬಿದ್ದದ್ದು ಒಂಬತ್ತು ಹದಿನಾಲ್ಕಕ್ಕೆ.