ಅಪ್ಪನ ದನಿಯಲ್ಲಿ ನಾನು ಹೇಳಿದ ಸುಳ್ಳು

ಹೋದ ವರ್ಷ ನಾಲೆಗೆ ನೀರು ಬಿಟ್ಟ ಮೂರನೇ ವಾರ ಅಪ್ಪನ ಗಂಟಲು ಕಟ್ಟಿತು.

ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಪ್ರತಿ ವರ್ಷ ಕಟ್ಟುತ್ತಿತ್ತು. ಅಪ್ಪ ಅರಕೆರೆಯ ನೀರುಗಂಟಿ. ನಾಲೆಯ ತೂಬು ಎತ್ತಿ, ಯಾರ ಗದ್ದೆಗೆ ಸರದಿಯೋ ಅವರನ್ನು ನಾಲೆ ಏರಿಯ ಮೇಲಿಂದ ಕೂಗಿ ಕರೆಯುವುದು ಅವನ ಕೆಲಸ. "ಮೂರ್ನೇ ತೂಬ್ನೋರು ಬರ್ರಪ್ಪೋ..." ಎಂದರೆ ಅಷ್ಟು ದೂರದಲ್ಲಿ ಸೊಂಟ ಬಗ್ಗಿಸಿ ನಾಟಿ ಹಾಕುತ್ತಿದ್ದವರೂ ತಲೆ ಎತ್ತುತ್ತಿದ್ದರು. ನಾಟಿ ಕಾಲದಲ್ಲಿ ಬೆಳಗಿಂದ ಸಂಜೆವರೆಗೆ ಹೀಗೆ ಕೂಗಿದರೆ ಯಾವ ಗಂಟಲು ತಾನೇ ಕಟ್ಟದೆ ಇರುತ್ತೆ? ಅವ್ವ ಮೆಣಸು, ಕಲ್ಲುಸಕ್ಕರೆ ಕುಟ್ಟಿ ಕೊಡುತ್ತಿದ್ದಳು. ಪೈರು ಹಸಿರಾಗುವ ಹೊತ್ತಿಗೆ ದನಿ ತಾನಾಗಿ ಬಿಟ್ಟುಕೊಳ್ಳುತ್ತಿತ್ತು.

ಆ ಸಲ ಬಿಟ್ಟುಕೊಳ್ಳಲಿಲ್ಲ.

ಇಲ್ಲಿ ನನ್ನ ವಿಷಯ ಸ್ವಲ್ಪ ಹೇಳಬೇಕು. ನನಗಾಗ ಇಪ್ಪತ್ತೊಂದು. ಪಾಂಡವಪುರದ ಕಾಲೇಜಿನಲ್ಲಿ ಎರಡು ಸಬ್ಜೆಕ್ಟು ಬಾಕಿ ಉಳಿಸಿಕೊಂಡು ಮನೆಯಲ್ಲಿದ್ದೆ. ಊರವರು ಇಟ್ಟ ಹೆಸರು ಟೇಪು. ಕೇಳಿದ್ದನ್ನೆಲ್ಲ ಹಾಗೇ ವಾಪಸ್ಸು ನುಡಿಸುತ್ತಿದ್ದೆ. ಬಸ್ಸಿನ ಕಂಡಕ್ಟರು, ಡೇರಿ ಸೆಕ್ರೆಟರಿ, ಸೀನಿದಾಗಲೆಲ್ಲ ದೇವರನ್ನು ಕೂಗಿ ಎಬ್ಬಿಸುವ ನಮ್ಮ ಮೇಷ್ಟ್ರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ನಿನ್ನ ಸ್ವಂತ ದನಿ ಯಾವುದಪ್ಪ ಅಂತ ಕೇಳಿದರೆ ಮಾತ್ರ ಸ್ವಲ್ಪ ಯೋಚನೆ ಮಾಡಬೇಕಾಗಿತ್ತು.

ಇವರೆಲ್ಲರಿಗಿಂತ ಚೆನ್ನಾಗಿ ಬರುತ್ತಿದ್ದದ್ದು ಅಪ್ಪನ ದನಿ. ಒಂದು ಸಲ ಏರಿ ಮರೆಯಲ್ಲಿ ಕೂತು ಅವನ ಹಾಗೆ ಕೂಗಿ, ಕೊನೇ ತೂಬಿನ ಕುಳ್ಳೇಗೌಡರನ್ನು ಸರದಿ ಇಲ್ಲದ ದಿನ ಸನಿಕೆ ಸಮೇತ ಓಡಿಸಿದ್ದೆ. ಆಮೇಲೆ ಅದೇ ಸನಿಕೆ ಹಿಡಿದು ಅವರು ನನ್ನನ್ನು ಓಡಿಸಿದರು.

ದನಿ ಕಟ್ಟಿದ ಹದಿನೈದು ದಿನಕ್ಕೆ ಅಪ್ಪ ಏರಿ ಮೇಲೆ ಕುಕ್ಕರಿಸಿ ಬೀಡಿ ಹಚ್ಚಿ, ಗರಗರ ಎನ್ನುತ್ತ ಹೇಳಿದ: "ನನ್ ಕೈಲಾಗಕಿಲ್ಲ. ನೀನೇ ಒಂದ್ ಕೂಗು ಆಕ್ಲಾ."

ಹಾಕಿದೆ. ಅವನ ದನಿಯಲ್ಲೇ. ದೂರದಿಂದ "ಬಂದೇ ಕಣಣ್ಣೋ" ಎಂದು ಉತ್ತರ ಬಂತು. ಅಪ್ಪನಿಗೆ ನಗು ತಡೆಯಲಾಗಲಿಲ್ಲ. ನನಗೋ, ಮೊದಲ ಸಲ ಮನೆಗೆ ಉಪಯೋಗಕ್ಕೆ ಬಂದೆನೆಂಬ ಹೆಮ್ಮೆ. ಊರಿಗೆ ಊರೇ ನೀರುಗಂಟಿ ಚೆನ್ನಯ್ಯನ ಗಂಟಲು ಗಂಟೆಯಂತಿದೆ ಎಂದುಕೊಂಡಿತು.

ಗೌರಿ ಹಬ್ಬಕ್ಕೆ ಸುಶೀಲಕ್ಕ ಬರಲಾಗಲಿಲ್ಲ. ಅಕ್ಕ ಕೆ.ಆರ್. ಪೇಟೆಯಲ್ಲಿ ನರ್ಸು. ಕೈಗೂಸು ಬೇರೆ, ಡ್ಯೂಟಿ ಬೇರೆ. ಬಸ್‌ಸ್ಟಾಂಡಿನ ರಜಾಕ್ ಸಾಬರ ಬೂತಿಗೆ ಫೋನು ಮಾಡಿ ಅಪ್ಪನನ್ನು ಕರೆಸಿದಳು. ಅಪ್ಪ ರಿಸೀವರ್ ತೆಗೆದುಕೊಂಡ. ಬಾಯಿ ತೆರೆದ. ಗಾಳಿ ಬಂತು, ಮಾತು ಬರಲಿಲ್ಲ. ರಿಸೀವರನ್ನು ನನ್ನ ಕೈಗೆ ತುರುಕಿ, ನೀನೇ ಹೇಳು ಎಂದು ಸನ್ನೆ ಮಾಡಿದ.

"ಅಪ್ಪನಿಗೆ ಗಂಟಲು ಕಟ್ಟಿದೆ ಅಕ್ಕ" ಎಂದು ನನ್ನ ದನಿಯಲ್ಲಿ ಹೇಳಬಹುದಿತ್ತು. ಅಷ್ಟೇ ಸಾಕಿತ್ತು.

"ಚೆನ್ನಾಗಿವ್ನಿ ಕಣವ್ವ. ಮಗ ಎಂಗೈತೆ? ಆಲು ಕುಡೀತದಾ?" ಎಂದೆ, ಅಪ್ಪನ ದನಿಯಲ್ಲಿ.

ಅಪ್ಪ ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕ. ರಜಾಕ್ ಸಾಬರು, "ಅರೆ, ಇವನನ್ನ ರೇಡಿಯೋಗೆ ಕಳಿಸ್ರಪ್ಪ!" ಎಂದರು. ದಸರೆಗೆ ಮತ್ತೊಮ್ಮೆ ಫೋನು ಬಂತು. ಮತ್ತೊಮ್ಮೆ ಅದೇ ಆಟ.

ದೀಪಾವಳಿಗೆ ಅಕ್ಕ ಮಗುವನ್ನೆತ್ತಿಕೊಂಡು ಬಂದಳು. ಅಪ್ಪ ಜಗುಲಿಯಿಂದ ಎದ್ದು ಗರಗರ ದನಿಯಲ್ಲಿ "ಬಾರವ್ವ" ಎಂದ.

ಅಕ್ಕ ಹೊಸಿಲಲ್ಲೇ ನಿಂತುಬಿಟ್ಟಳು.

ಮಗುವನ್ನು ಅವ್ವನ ಕೈಗೆ ಕೊಟ್ಟು ಅಪ್ಪನ ಕತ್ತನ್ನು ಎರಡೂ ಕಡೆ ಒತ್ತಿ ನೋಡಿದಳು. ಮಾರನೇ ಬೆಳಿಗ್ಗೆಯೇ ಮೈಸೂರು. ಇ.ಎನ್.ಟಿ. ಡಾಕ್ಟರು ಅಪ್ಪನ ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದೆಳೆದು, ಸಣ್ಣ ಕನ್ನಡಿಯನ್ನು ದೀಪದ ಮೇಲೆ ಬಿಸಿಮಾಡಿ ಗಂಟಲೊಳಗೆ ಇಳಿಸಿದರು. "ಈ... ಅನ್ನಿ." ಅಪ್ಪ ಪ್ರಯತ್ನಿಸಿದ. ಡಾಕ್ಟರ ಮುಖ ಬದಲಾಯಿತು.

"ಎಷ್ಟು ದಿನದಿಂದ ಹೀಗಿದೆ?"

ಅವ್ವ ಮಗುವನ್ನೆತ್ತಿಕೊಂಡು ಹೊರಗಿದ್ದಳು; ಉತ್ತರ ಕೊಟ್ಟವಳು ಅಕ್ಕ. "ಒಂದು ತಿಂಗಳಿರಬಹುದು ಸರ್. ದಸರಾದಲ್ಲೂ ವಾಯ್ಸ್ ನಾರ್ಮಲ್ ಇತ್ತು. ಫೋನಲ್ಲಿ ನಾನೇ ಕೇಳಿದೀನಿ."

"ಒಂದೇ ತಿಂಗಳಿಗೆ ಇಷ್ಟಾಗಲ್ಲವಲ್ಲಮ್ಮ" ಎನ್ನುತ್ತಲೇ ಡಾಕ್ಟರು ಒಂದು ತಿಂಗಳು ಎಂದು ಬರೆದುಕೊಂಡರು. ಅಪ್ಪ ನನ್ನನ್ನು ನೋಡಿದ. ನಾನು ಗೋಡೆಯ ಮೇಲಿದ್ದ ಕಿವಿಯ ಚಿತ್ರವನ್ನು ನೋಡಿದೆ.

ಬಯಾಪ್ಸಿ ಮಾಡಿದರು. ಧ್ವನಿಪೆಟ್ಟಿಗೆಯ ಕ್ಯಾನ್ಸರು.

ಕ್ಯಾನ್ಸರ್ ಅಂದರೇನು ಅಂತ ಅವ್ವ ಕೇಳಿದಳು. ಡಾಕ್ಟರು ತಾಳ್ಮೆಯಿಂದ ಹೇಳಿದರು. ಮೈಯೆಲ್ಲ ಸಣ್ಣ ಸಣ್ಣ ಜೀವಕೋಶಗಳಿಂದ ಆಗಿದೆ. ಹಳೆಯದು ಸಾಯುತ್ತದೆ, ಅದರ ಜಾಗಕ್ಕೆ ಬೇಕಾದಷ್ಟೇ ಹೊಸದು ಹುಟ್ಟುತ್ತದೆ, ಸಾಕೆಂದಾಗ ನಿಲ್ಲುತ್ತದೆ. ಕೆಲವು ಕೆಟ್ಟು, ನಿಲ್ಲು ಎಂದರೂ ನಿಲ್ಲದೆ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆದು ಪಕ್ಕದ ಜಾಗಕ್ಕೂ ನುಗ್ಗುತ್ತವೆ. ವರ್ಷಗಟ್ಟಲೆ ಎಳೆದ ಬೀಡಿ ಹೊಗೆ ಅವನ್ನು ಕೆಡಿಸಿರಬಹುದು.

ಅಪ್ಪ ತನ್ನ ಉಳಿದಷ್ಟು ದನಿಯಲ್ಲಿ ಅವ್ವನಿಗೆ ಬಿಡಿಸಿ ಹೇಳಿದ: "ಸರದಿ ಇಲ್ದೆ ನೀರು ಕಟ್ಕಂಡವ್ನೆ ಕಣಮ್ಮಿ. ಪಕ್ಕದ್ ಗದ್ದೆ ಬದಾನೂ ಒಡ್ದವ್ನೆ."

"ಹೆಚ್ಚು ಕಮ್ಮಿ ಅದೇ" ಎಂದರು ಡಾಕ್ಟರು. ಆಮೇಲೆ ಮೆಲ್ಲಗೆ, ಬೆಂಗಳೂರಿಗೆ ಹೋಗಿ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಸಬೇಕು ಎಂದರು. ಆಮೇಲೆ ರೇಡಿಯೇಷನ್.

"ಮೊದಲೇ ಬಂದಿದ್ರೆ ಸರ್?" ಅಕ್ಕ ಕೇಳಿದಳು.

"ಗಂಟಲೊಳಗಿನ ದನಿಯ ತಂತು ಇನ್ನೂ ಅಲುಗಾಡ್ತಿದ್ದಾಗ ಬಂದಿದ್ರೆ, ಬರೀ ರೇಡಿಯೇಷನ್ನಲ್ಲೇ ದನಿ ಉಳಿಸೋಕೆ ನೋಡಬಹುದಿತ್ತು. ಎರಡು ತಿಂಗಳ ಹಿಂದೆ ಹೇಗಿತ್ತೋ, ಈಗ ಯಾರು ಹೇಳೋಕಾಗುತ್ತೆ?"

ಅಕ್ಕ ವರಾಂಡಾದ ಬೆಂಚಿನ ಮೇಲೆ ಕೂತು ತನ್ನ ಕಿವಿಗೆ ತಾನೇ ಹೊಡೆದುಕೊಂಡಳು. "ಮೂರು ವಾರ ಗಂಟಲು ಕಟ್ಟಿದ್ರೆ ತೋರಿಸ್ಬೇಕು ಅಂತ ಊರೋರಿಗೆಲ್ಲ ಹೇಳೋಳು ನಾನು. ಅಪ್ಪನ ದನೀಲಿ ಅದೇನೋ ಇದ್ದಿರ್ಬೇಕು ಕಣೋ. ಈ ಕಿವಿಗೆ ಕೇಳಿಸ್ಲಿಲ್ವಲ್ಲ."

ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಅವಳ ಕಿವಿಯಲ್ಲಿ ಏನೂ ತಪ್ಪಿರಲಿಲ್ಲ. ಅವಳು ಕೇಳಿಸಿಕೊಂಡದ್ದು ಒಳ್ಳೆಯ ಗಂಟಲನ್ನೇ. ಅದು ನನ್ನದು. ಇಷ್ಟು ಹೇಳಲು ನನಗೆ ಆ ದಿನ ಧೈರ್ಯ ಬರಲಿಲ್ಲ, ಮಾರನೇ ದಿನವೂ ಬರಲಿಲ್ಲ. ಅವ್ವ ಒಂದು ಹೊತ್ತು ಊಟ ಬಿಟ್ಟಳು. ನಾನು ಮಾತ್ರ ಆಸ್ಪತ್ರೆ ಕ್ಯಾಂಟೀನಿನ ದೋಸೆಯನ್ನು ದಿನವೂ ತಪ್ಪದೆ ತಿಂದೆ, ಅದನ್ನೂ ಇಲ್ಲಿ ಬರೆದುಬಿಡುತ್ತೇನೆ.

ಬೆಂಗಳೂರಿನಲ್ಲಿ ಆಪರೇಷನ್ ದಿನ ಟ್ರಾಲಿ ತಳ್ಳುವಾಗ ಅಪ್ಪ ನನ್ನನ್ನು ಹತ್ತಿರ ಕರೆದ. ಅವನ ದನಿಯಲ್ಲಿ ಕೊನೆಯ ಮಾತು. ಕಿವಿಯನ್ನು ಅವನ ಬಾಯಿಗೇ ಇಟ್ಟೆ.

"ಚೀಲ್ದಾಗೆ ಬೀಡಿ ಕಟ್ಟೈತೆ. ನಿಮ್ಮವ್ವನ ಕಣ್ಗೆ ಬೀಳ್ದಂಗೆ ಬಿಸಾಕ್ಬುಡ್ಲಾ."

ಹೊರಗೆ ಬಂದಾಗ ಅಪ್ಪನ ಕತ್ತಿನಲ್ಲೊಂದು ತೂತಿತ್ತು, ಅದರಲ್ಲಿ ಒಂದರೊಳಗೊಂದು ಕೂತ ಲೋಹದ ಟ್ಯೂಬು. ಇನ್ನು ಮೇಲೆ ಉಸಿರು ಅಲ್ಲಿಂದಲೇ. ಮೂಗಿನಲ್ಲಿ ಇನ್ನೊಂದು ಸಣ್ಣ ಟ್ಯೂಬು, ಅದರಲ್ಲಿ ಹಾಲು, ತೆಳು ಗಂಜಿ. ಸ್ಲೇಟು ಕೊಟ್ಟೆವು. ಸರದಿ ಪಟ್ಟಿಯಲ್ಲಿ ಹೆಸರು ಬರೆದು ಅಭ್ಯಾಸವಿದ್ದವನು, ಮೊದಲು ಬರೆದದ್ದು "ನೀರು". ಕುಡಿಯಲು ಕೊಡುವ ಹಾಗಿರಲಿಲ್ಲ.

ಅಕ್ಕ ರಜೆ ಹಾಕಿ, ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದಳು. ನನಗೆ ಕೆಲಸ ಕಲಿಸಿದಳು. ಮೊದಲು ಸೋಪಿನಲ್ಲಿ ಕೈ ತೊಳಿ. ಒಳಗಿನ ಟ್ಯೂಬನ್ನು ತಿರುಗಿಸಿ ತೆಗಿ. ಸೋಡಾ ಹಾಕಿದ ನೀರಲ್ಲಿ ನೆನೆಸಿ, ಬ್ರಷ್ಷಿನಿಂದ ಉಜ್ಜಿ, ಕುದಿಸಿ, ಆರಿಸಿ, ಮತ್ತೆ ಹಾಕು. ತೂತಿನ ಮುಂದೆ ಒದ್ದೆ ಗಾಜ್ ಬಟ್ಟೆ, ಅದೇ ಗಾಯಕ್ಕೆ ಕಟ್ಟುವ ಜಾಳು ಬಟ್ಟೆ, ಇಳಿಬಿಡು. ಮೂಗು ಮಾಡುತ್ತಿದ್ದ ಕೆಲಸ ಈಗ ಆ ಬಟ್ಟೆಯದು, ಧೂಳು ತಡೆಯುವುದು, ಗಾಳಿಗೆ ತೇವ ಕೊಡುವುದು. ಕಫ ಗಟ್ಟಿಯಾಗಿ ಕೂತರೆ ಉಸಿರೇ ನಿಲ್ಲುತ್ತದೆ. ನಾನು ಎರಡು ಮೂರು ಸಲ ತಿರುಗಿಸಿದ ಮೇಲೇ ಟ್ಯೂಬು ಕೂರುತ್ತಿತ್ತು. ಅಪ್ಪ ಕಣ್ಣು ಮುಚ್ಚಿ ಕೂತಿರುತ್ತಿದ್ದ.

ಹತ್ತನೆಯ ದಿನ ಮಧ್ಯಾಹ್ನ ಅಕ್ಕ ಟ್ಯೂಬು ಉಜ್ಜುತ್ತ, ಯಾರಿಗೋ ಎಂಬಂತೆ, ಮತ್ತೆ ಅದೇ ಮಾತೆತ್ತಿದಳು. "ಈ ಕಿವೀಲೇ ಕೇಳಿದ್ನಲ್ಲ..."

ತಡೆಯಲಾಗಲಿಲ್ಲ. "ಅದು ಅಪ್ಪ ಅಲ್ಲ ಅಕ್ಕ. ನಾನು."

"ಏನು ನೀನು?"

ಬಾಯಲ್ಲಿ ಹೇಳಿದರೆ ನಂಬುವಂಥದ್ದಲ್ಲ. ಹಾಗಾಗಿ ಮಾಡಿಯೇ ತೋರಿಸಿದೆ. "ಚೆನ್ನಾಗಿವ್ನಿ ಕಣವ್ವ. ಮಗ ಎಂಗೈತೆ?"

ಅಪ್ಪ ಕಣ್ಣು ತೆರೆದ. ತನ್ನ ದನಿಯನ್ನು, ಅದು ಹೋದ ಮೇಲೆ, ಅವನು ಕೇಳಿದ್ದು ಅದೇ ಮೊದಲು. ಅಕ್ಕನ ಕೈಯಲ್ಲಿದ್ದ ಬ್ರಷ್ಷು ಬೇಸಿನ್ನಿಗೆ ಬಿತ್ತು.

"ಗೌರಿ ಹಬ್ಬದಾಗಿಂದಾನೇ ಹೀಗಿತ್ತಾ?"

"ಅದಕ್ಕೂ ಮುಂಚೆಯಿಂದ."

"ಥೂ, ಪಾಪಿ ನನ್ಮಗನೇ!"

ಅಪ್ಪ ಸ್ಲೇಟಿಗೆ ಕೈಹಾಕಿ ಅಡ್ಡಾದಿಡ್ಡಿ ಬರೆದು ಎತ್ತಿ ಹಿಡಿದ. "ಮಾತಾಡು ಅಂದೋನು ನಾನೇ." ನಗಬೇಕೋ ಅಳಬೇಕೋ ಅವನಿಗೂ ತಿಳಿಯಲಿಲ್ಲವೆಂದು ಕಾಣುತ್ತೆ. ಎರಡೂ ಒಟ್ಟಿಗೆ ಕತ್ತಿನ ತೂತಿನಿಂದ ಬುಸ್ಸೆಂದು ಬಂದು, ಕಫ ಹಾರಿ ನನ್ನ ಅಂಗಿಗೆ ಬಿತ್ತು. ಅಕ್ಕ ಕಣ್ಣೊರೆಸಿಕೊಳ್ಳದೆ ಮೊದಲು ಅವನ ಕತ್ತು ಒರೆಸಿದಳು. ನನ್ನ ಅಂಗಿಯನ್ನು ಒರೆಸಲಿಲ್ಲ.

ಟ್ಯೂಬು ಹಾಕಿ ಮುಗಿಸಿ, "ನಡಿ, ಡಾಕ್ಟ್ರತ್ರ ನೀನೇ ಹೇಳು" ಎಂದಳು. ಹೇಳಿದೆ. ಡಾಕ್ಟರು ಬೈಯಲಿಲ್ಲ. ಕೇಸ್ ಶೀಟಿನಲ್ಲಿ ಮೈಸೂರಿನಿಂದ ಹಾಗೇ ಇಳಿದು ಬಂದಿದ್ದ "ಒಂದು ತಿಂಗಳು" ಎಂಬುದನ್ನು ಹೊಡೆದುಹಾಕಿ "ಮೂರರಿಂದ ನಾಲ್ಕು" ಎಂದು ಬರೆದರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಆರು ವಾರ ರೇಡಿಯೇಷನ್. ಕತ್ತಿನ ಮೇಲೆ ಇಂಕಿನ ಗೆರೆ ಎಳೆದು, ತೊಳೆಯಬೇಡಿ ಎಂದರು. ಚರ್ಮ ಸುಟ್ಟ ಬದನೆಕಾಯಿಯಂತಾಯಿತು. ಬಾಯೆಲ್ಲ ಹುಣ್ಣು. ಅಷ್ಟೂ ದಿನ ಅಕ್ಕ ನನ್ನ ಜೊತೆ ನರ್ಸಿನ ಮಾತು ಬಿಟ್ಟರೆ ಬೇರೆ ಮಾತಾಡಲಿಲ್ಲ. ಸೋಡಾ ಹಾಕಿದ್ಯಾ. ಕುದಿಸಿದ್ಯಾ. ಬಟ್ಟೆ ಒದ್ದೆ ಮಾಡು.

ಆಪರೇಷನ್ ಆಗಿ ಈಗ ಎಂಟು ತಿಂಗಳಾಯಿತು. ಮೊನ್ನೆಯ ಚೆಕಪ್ಪಿನಲ್ಲಿ ಗಂಟೇನೂ ಸಿಗಲಿಲ್ಲ. ವಾಸಿಯಾಯಿತಾ ಎಂದರೆ "ನೋಡೋಣ, ಬರ್ತಾ ಇರಿ" ಎನ್ನುತ್ತಾರೆ. ತೂತು ಕಿರಿದಾಗದಿರಲೆಂದು ಟ್ಯೂಬು ಇನ್ನೂ ಇದೆ. ಒಗ್ಗರಣೆಯ ವಾಸನೆ ಅಪ್ಪನಿಗೆ ತಿಳಿಯುವುದಿಲ್ಲ. ಹುಟ್ಟಿದಾರಭ್ಯ ನಾಲೆಯಲ್ಲಿ ಮುಳುಗೆದ್ದವನು ಈಗ ಸೊಂಟದ ಮೇಲೆ ನೀರಿಗಿಳಿಯುವಂತಿಲ್ಲ. ನೀರಿನ ಸರದಿ ಕರೆಯಲು ಸೀಟಿ ಕೊಟ್ಟರೆ, ಊದುವುದಕ್ಕೆ ಉಸಿರು ಬಾಯಿಗೇ ಬರುವುದಿಲ್ಲ. ಸೀಮೆಎಣ್ಣೆ ಡಬ್ಬ ಬಡಿಯುತ್ತಾನೆ. ನಾನು ಕೂಗುವುದಿಲ್ಲ. ಕುಳ್ಳೇಗೌಡರು ಒಂದು ದಿನ, "ಲೇ ಟೇಪು, ನಿಮ್ಮಪ್ಪನಂಗೆ ಒಂದ್ಸಲ ಕೂಗ್ಲಾ, ಕೇಳಂಗಾಗದೆ" ಎಂದರು. ಸನಿಕೆ ಹಿಡಿದು ಓಡಿಸಿದ ಅದೇ ಮನುಷ್ಯ. ಆಗಲ್ಲ ಗೌಡ್ರೇ ಎಂದೆ.

ಅಕ್ಕ ಪ್ರತಿ ಭಾನುವಾರ ಬೂತಿಗೆ ಫೋನು ಮಾಡುತ್ತಾಳೆ. ಹೋದ ವಾರವೂ ಮಾಡಿದ್ದಳು.

"ಫೋನ್ನ ಅಪ್ಪನ ಕತ್ತಿನತ್ರ ಹಿಡಿ."

ಹಿಡಿದೆ. ಸ್ವಲ್ಪ ಹೊತ್ತಾದ ಮೇಲೆ ಅವಳ ದನಿ ಸಣ್ಣಗೆ ಕೇಳಿ, ರಿಸೀವರ್ ಕಿವಿಗಿಟ್ಟುಕೊಂಡೆ.

"ಕೊರಕೊರ ಅಂತೈತೆ. ಒಳಗಿನ ಟ್ಯೂಬ್ ಯಾವಾಗ ತೊಳ್ದೆ?"

"ಬೆಳಿಗ್ಗೆ ಅಕ್ಕ."

"ಸುಳ್ಳು."

ಸುಳ್ಳೇ. ತೊಳೆದದ್ದು ಹಿಂದಿನ ಸಂಜೆ. ಅಪ್ಪ ನನ್ನ ಮುಖ ನೋಡಿ ತಲೆಯಾಡಿಸಿದ.

"ಓಗಿ ತೊಳ್ಕೊಂಡು ಬಾ. ನಾನು ತಿರ್ಗಾ ಮಾಡ್ತೀನಿ."

ಅಪ್ಪನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಮನೆಗೆ ತುಳಿದೆ. ತೆಗೆದೆ, ನೆನೆಸಿದೆ, ಉಜ್ಜಿದೆ, ಕುದಿಸಿದೆ, ಹಾಕಿದೆ. ಈಗ ಒಂದೇ ಸಲಕ್ಕೆ ಕೂರುತ್ತದೆ. ವಾಪಸ್ಸು ಬರುವಷ್ಟರಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ರಜಾಕ್ ಸಾಬರು ಸ್ಟೂಲು ಸರಿಸಿಕೊಟ್ಟರು. ಅಪ್ಪ ಕೂತು, ಗಾಜ್ ಬಟ್ಟೆಯನ್ನು ತಾನೇ ಸ್ವಲ್ಪ ಪಕ್ಕಕ್ಕೆ ಎತ್ತಿ, ಗದ್ದ ಮೇಲೆ ಮಾಡಿದ.

ಅಪ್ಪ ಉಸಿರಾಡಿದ. ಆ ಕಡೆ ಅಕ್ಕ ಕೇಳಿಸಿಕೊಂಡಳು. ನಾನು ರಿಸೀವರ್ ಹಿಡಿದುಕೊಂಡು ಬಾಯಿ ಮುಚ್ಚಿಕೊಂಡಿದ್ದೆ.