ದೊಡ್ಡಪ್ಪನ ಸೊಂಟದ ಗೊಂಚಲು

ನಮ್ಮ ದೊಡ್ಡಪ್ಪನ ಕಸುಬು ಬೀಗ ರಿಪೇರಿ. ಊರವರ ಬೀಗಗಳನ್ನೆಲ್ಲ ಬಿಚ್ಚಿ ನೋಡಿದ್ದಕ್ಕೋ ಏನೋ, ಅವರಿಗೆ ಯಾರ ಮೇಲೂ ನಂಬಿಕೆಯಿಲ್ಲ. ಹದಿನೇಳು ಕೀಲಿಕೈಗಳ ಗೊಂಚಲು ಸೊಂಟದಲ್ಲೇ ಇರಬೇಕು, ಮಲಗುವಾಗಲೂ ಬಿಚ್ಚುತ್ತಿರಲಿಲ್ಲ. ಪಕ್ಕದ ಮನೆಯಲ್ಲಿರುವ ನನ್ನ ಮೇಲೂ ಅವರದೊಂದು ಕಣ್ಣು.

ಇಂಥ ಮನೆಗೆ ದೊಡ್ಡಮ್ಮ ಪ್ರಾಣಿಗಳ ಆಶ್ರಯಧಾಮದಿಂದ ಒಂದು ಹೆಣ್ಣು ನಾಯಿಯನ್ನು ಕರೆತಂದರು. ಹತ್ತು ದಿನ ಸಾಕಿ ನೋಡುವುದು, ಹೊಂದಿಕೊಂಡರೆ ಇಟ್ಟುಕೊಳ್ಳುವುದು ಎಂದು ಮಾತು. ಅದರ ಕತ್ತಿನ ಸುತ್ತ ಬಳೆಯಂತೆ ಕೂದಲು ಉದುರಿತ್ತು. ದೊಡ್ಡಪ್ಪ ಒಳಗೆ ಕಾಲಿಟ್ಟರೆ ಸಾಕು, ಮಂಚದ ಕೆಳಗೆ ಮಾಯ. ಅವರು ಮನೆಯಲ್ಲಿರುವಷ್ಟು ಹೊತ್ತು ಒಂದು ತುತ್ತೂ ಮುಟ್ಟುತ್ತಿರಲಿಲ್ಲ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ," ಎಂದರು ದೊಡ್ಡಪ್ಪ. "ತಪ್ಪು ಮಾಡದೆ ಇದ್ರೆ ನನ್ನ ಕಂಡು ಯಾಕೆ ಅಡಗ್ಬೇಕು? ನಾನಿಲ್ಲದಾಗ ಏನೋ ನಡೀತಿದೆ."

"ನಡೀತಿರೋದು ಊಟ ಕಣ್ರೀ," ಎಂದರು ದೊಡ್ಡಮ್ಮ. "ನಾಳೆ ಆಶ್ರಯಧಾಮದವರು ನೋಡೋಕೆ ಬರ್ತಾರೆ. ನಿಮಗೆ ಹೀಗೆ ಹೆದರಿದ್ರೆ ವಾಪಸ್ ಕರ್ಕೊಂಡು ಹೋಗ್ತಾರೆ."

ದೊಡ್ಡಪ್ಪ ಪತ್ತೇದಾರಿಕೆಗೆ ಇಳಿದರು. ಅಂಗಡಿಗೆಂದು ಹೊರಟವರು ಹಿತ್ತಿಲಿನಿಂದ ಸುತ್ತಿ ಬಂದರು. ಸದ್ದಾಗಬಾರದೆಂದು ಗೊಂಚಲು ಬಿಚ್ಚಿ, ಅಲ್ಲೇ ಬಟ್ಟೆ ಒಣಹಾಕುತ್ತಿದ್ದ ನನ್ನ ಕೈಗಿಟ್ಟರು. ಹಾಗೆ ಬಿಚ್ಚಿದ್ದನ್ನು ನಾನು ಕಂಡದ್ದು ಅದೇ ಮೊದಲು. "ಬಿಗಿಯಾಗಿ ಹಿಡ್ಕೋ. ಎಲ್ಲೂ ಹೋಗ್ಬೇಡ," ಎಂದು ಪಿಸುಗುಟ್ಟಿ ಅಡುಗೆಮನೆಗೆ ನುಗ್ಗಿದರು.

ನಾಯಿ ತಟ್ಟೆಯಿಂದ ತಲೆಯೆತ್ತಿ ಅವರನ್ನು ನೋಡಿತು. ಮತ್ತೆ ತಿನ್ನತೊಡಗಿತು. ತಾವು ಹಿಡಿಯಲು ಬಂದ ಕಳ್ಳ ಹೀಗೆ ನೆಮ್ಮದಿಯಾಗಿ ಉಣ್ಣುವುದನ್ನು ಕಂಡು ದೊಡ್ಡಪ್ಪ ಪೆಚ್ಚಾದರು. ತಡೆಯಲಾಗದೆ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ನನಗೆ ನಗು ಉಕ್ಕಿ ಕೈ ಸಡಿಲವಾಯಿತು. ಗೊಂಚಲು ಝಣ್ ಎಂದಿದ್ದೇ ತಡ, ನಾಯಿ ತಟ್ಟೆ ಮಗುಚಿ ಮಂಚದ ಕೆಳಗೆ ಸೇರಿತು.

ದೊಡ್ಡಪ್ಪ ಮಂಚದ ಮುಂದೆ ಕುಕ್ಕರಗಾಲಲ್ಲಿ ಬಹಳ ಹೊತ್ತು ಕೂತರು. ಆ ಬೋಳು ಕತ್ತನ್ನು ಅವರು ಸರಿಯಾಗಿ ನೋಡಿದ್ದು ಆಗಲೇ.

"ಯಾರೋ ಪಾಪಿ ಸರಪಳೀಲಿ ಕಟ್ಟಿ ಹಾಕಿದ್ದ," ಎಂದರು. "ನಾನು ಅದೇ ಸದ್ದು ಮಾಡ್ಕೊಂಡು ಮನೆ ತುಂಬ ಓಡಾಡ್ತಿದ್ದೆ." ಅವರಿಗೆ ನಾಚಿಕೆಯಾಗಿತ್ತು.

ಮರುದಿನ ಆಶ್ರಯಧಾಮದವರು ಬಂದಾಗ ನಾಯಿ ದೊಡ್ಡಪ್ಪನ ಕುರ್ಚಿಯಿಂದ ಒಂದು ಮಾರು ದೂರದಲ್ಲಿ ತಟ್ಟೆ ನೆಕ್ಕುತ್ತಿತ್ತು. ಬಂದವರಿಗೆ ಅಷ್ಟೇ ಸಾಕಿತ್ತು, ನಾಯಿಯನ್ನು ಇಲ್ಲೇ ಬಿಟ್ಟು ಹೋದರು.

ಈಗ ದಿನಾ ಸಂಜೆ ದೊಡ್ಡಪ್ಪ ಅಂಗಡಿಯಿಂದ ಮೊದಲು ನಮ್ಮ ಮನೆಗೆ ಬಂದು ಗೊಂಚಲನ್ನು ನನ್ನ ಕೈಗಿಡುತ್ತಾರೆ. "ಹದಿನೇಳಿವೆ. ಎಣಿಸಿದ್ದೀನಿ," ಎಂದು ನನ್ನನ್ನೇ ದಿಟ್ಟಿಸಿ, ಬರಿಸೊಂಟದಲ್ಲಿ ತಮ್ಮ ಮನೆಗೆ ಹೋಗುತ್ತಾರೆ.